ಹೊರಗೆ ಹೆಸರು ಬೇಕಾ, ಬೇಡ್ವಾ? ಬಂದರಿನ ಹತ್ತಿರದ ಒಂದು ಬೈಂಡಿಂಗ್ ಅಂಗಡಿ

ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಹೆಸರು ಇಲ್ಲಿ ಇಲ್ಲ. ಅದು ಅಂಗಡಿಯವರದ್ದೇ ಮಾತು. "ಹೆಸರು ಹಾಕ್ಬೇಡಿ ಅಕ್ಕ. ಜನ ಜಾಸ್ತಿ ಬಂದ್ರೆ ನನ್ನ ಕೈಯಲ್ಲಿ ಆಗುದಿಲ್ಲ. ಈಗ ಇರುವವರಿಗೇ ಹೇಳಿದ ದಿನಕ್ಕೆ ಕೊಡ್ಲಿಕ್ಕೆ ಆಗ್ತಾ ಇಲ್ಲ." ಹೇಳಿದ ದಿನಕ್ಕೆ ಕೊಡುವುದಿಲ್ಲ ಎಂಬುದು ನೂರಕ್ಕೆ ನೂರು ನಿಜ. ಅದನ್ನು ಆಮೇಲೆ ಹೇಳುತ್ತೇನೆ.

ಗುರುತು ಹೇಳಬಹುದು. ಮಂಗಳೂರಿನ ಹಂಪನಕಟ್ಟೆಯಿಂದ ಬಂದರಿನ ಕಡೆಗೆ ಇಳಿಯುವ ಹಳೆಯ ಗಲ್ಲಿಗಳಲ್ಲಿ ಒಂದು. ಕೆಳಗೆ ಹಗ್ಗ, ಗೋಣಿಚೀಲ ಮಾರುವ ಅಂಗಡಿ. ಅದರ ಪಕ್ಕ ಮರದ ಮೆಟ್ಟಿಲು. ಮೇಲೆ ಹತ್ತಿದರೆ ಹಂಚಿನ ಮಾಡಿನ ಕೆಳಗೆ ಉದ್ದದ ಒಂದು ಕೋಣೆ. ಬೋರ್ಡು ಇಲ್ಲ. ಮೆಟ್ಟಿಲ ಹತ್ತಿರ ಮೈದಾ ಅಂಟಿನ ಹುಳಿ ವಾಸನೆ ಬಂದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ ಅಂತ ಲೆಕ್ಕ.

ನಾನು ಬಂದರಿನ ಒಂದು ಹಾರ್ಡ್‌ವೇರ್ ಹೋಲ್‌ಸೇಲ್ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. 22 ವರ್ಷ ಆಯಿತು. ಈ ಮೆಟ್ಟಿಲಿನ ಎದುರು ದಿನಾ ಓಡಾಡಿದ್ದೇನೆ. ಮೇಲೆ ಬೈಂಡಿಂಗ್ ಮಾಡುವವರು ಇದ್ದಾರೆ ಅಂತ ಗೊತ್ತಾದದ್ದು ಈ ಜೂನ್ ತಿಂಗಳಲ್ಲಿ. ನಮ್ಮ ಸಾವುಕಾರ್ರು ಹಳೆಯ ಲೆಜರ್ ಕೊಟ್ಟು ಕಳಿಸಿದಾಗ.

ನನ್ನ ಕೈಯಲ್ಲಿ ರಿಪೇರಿಗೆ ಇದ್ದದ್ದು ಅಜ್ಜಿಯ ಸತ್ಯವೇದ, ಅಂದರೆ ಬೈಬಲ್. ದಪ್ಪ ಪುಸ್ತಕ. ಮುಂದಿನ ರಟ್ಟು ಇಲ್ಲ. ಹಿಂದಿನ ರಟ್ಟು ಒಂದು ನೂಲಿನಲ್ಲಿ ನೇತಾಡುತ್ತಿತ್ತು. ಅಚ್ಚಾದ ವರ್ಷ ಇರುವ ಹಾಳೆಯೇ ಹರಿದು ಹೋಗಿದೆ, ಹಾಗಾಗಿ ಪ್ರಾಯ ಕೇಳಬೇಡಿ. ನಡುವಿನ ಫಾರಂಗಳು, ಅಂದರೆ ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟುಗಳು, ಬಿಡಿಬಿಡಿಯಾಗಿದ್ದವು. ಅಮ್ಮ ಅದನ್ನು ಲಂಗದ ಲಾಡಿಯಿಂದ ಕಟ್ಟಿ ಕಪಾಟಿನಲ್ಲಿ ಇಟ್ಟಿದ್ದರು. ಅಮ್ಮ ಹೋದ ಮೇಲೆ ಲಾಡಿ ಬಿಚ್ಚಿದವಳು ನಾನು.

ಇಲ್ಲಿಗೆ ಬರುವ ಮೊದಲು ಎರಡು ಕಡೆ ಕೇಳಿದ್ದೆ. ಒಂದು ಜೆರಾಕ್ಸ್ ಅಂಗಡಿಯ ಹುಡುಗ ಪುಸ್ತಕ ನೋಡಿ, "ಸ್ಪೈರಲ್ ಹಾಕಿ ಕೊಡ್ಲಾ ಆಂಟಿ?" ಅಂದ. ಸತ್ಯವೇದಕ್ಕೆ ಸ್ಪೈರಲ್! ಇನ್ನೊಬ್ಬರು ಬೆನ್ನಿಗೆ ಗಮ್ ಹಾಕಿ ಒತ್ತಿ ಕೊಡುತ್ತೇನೆ, 150 ರೂಪಾಯಿ ಅಂದರು. ತೆಳು ಕಾಗದಕ್ಕೆ ಗಮ್ ಹಾಕಿದರೆ ಎರಡು ಸಲ ಪೂರ್ತಿ ಬಿಚ್ಚುವಷ್ಟರಲ್ಲಿ ಹಾಳೆ ಉದುರುತ್ತದೆ. ಲೆಜರ್ ಬರೆಯುವವಳಿಗೆ ಅಷ್ಟು ಗೊತ್ತಿರುತ್ತದೆ.

ಈ ಅಣ್ಣ ಹಾಗಲ್ಲ. ಪ್ರಾಯ ಅರುವತ್ತೈದರ ಹತ್ತಿರ ಇರಬಹುದು. ಕನ್ನಡಕಕ್ಕೆ ನೂಲು ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದಾರೆ. ಪುಸ್ತಕವನ್ನು ಕೈಗೆ ತಗೊಂಡ ಕೂಡಲೇ ಓದಲಿಲ್ಲ, ಮೂಸಿದರು. "ಹುಳ ಇಲ್ಲ, ಬಚಾವ್" ಅಂದರು. ಆಮೇಲೆ ಒಂದು ಹಾಳೆಯನ್ನು ಬೆಳಕಿಗೆ ಹಿಡಿದು, ಮೂಲೆಯನ್ನು ಸ್ವಲ್ಪ ಮಡಚಿ ಬಿಟ್ಟು ನೋಡಿದರು. ಹಾಳೆ ಮುರಿಯಲಿಲ್ಲ. "ಹೊಲಿಗೆ ತಡೀತದೆ. ಮುರಿದಿದ್ರೆ ನಾನು ತಗೊಳ್ತಿರ್ಲಿಲ್ಲ."

ಕೆಲಸ ಹೀಗೆ. ಪ್ರತಿ ಫಾರಂನ ನಡು ಮಡಿಕೆಗೆ ತೆಳು ಕಾಗದದ ಪಟ್ಟಿ ಅಂಟಿಸುತ್ತಾರೆ. ದಬ್ಬಣದಿಂದ ತೂತು ಮಾಡಿ, ಮೇಣ ತಿಕ್ಕಿದ ನೂಲಿನಲ್ಲಿ ಒಂದೊಂದೇ ಫಾರಂ ಹೊಲಿಯುತ್ತಾರೆ. ಬೆನ್ನಿಗೆ ಬಲೆಬಟ್ಟೆ, ಅದರ ಮೇಲೆ ಅಂಟು, ಆಮೇಲೆ ತಿರುಪು ತಿರುಗಿಸುವ ಕಬ್ಬಿಣದ ಪ್ರೆಸ್ಸಿನಲ್ಲಿ ಒಂದು ರಾತ್ರಿ. ಮೇಲೆ ರಟ್ಟು, ಅದರ ಮೇಲೆ ಕಪ್ಪು ರೆಕ್ಸಿನ್. ಅಂಟು ಅವರೇ ಕುದಿಸುವುದು. ಮೈದಾ, ನೀರು, ಒಂದು ಚಿಟಿಕೆ ಮೈಲುತುತ್ತ. ಮಳೆಗಾಲದಲ್ಲಿ ಅಡಿಕೆಗೆ ಸುಣ್ಣದ ಜೊತೆ ಸೇರಿಸಿ ಹೊಡೆಯುತ್ತಾರಲ್ಲ, ಅದೇ ತುತ್ತ. ಅದಿದ್ದರೆ ಹುಳ ಹತ್ತಿರ ಬರುವುದಿಲ್ಲವಂತೆ.

ರೇಟು 650 ರೂಪಾಯಿ. 200 ಮುಂಗಡ. ಹನ್ನೆರಡು ದಿನ ಅಂದರು.

ಇಷ್ಟೇ ಆಗಿದ್ದರೆ ನಾಲ್ಕು ಸಾಲು ಬರೆದು ಮುಗಿಸುತ್ತಿದ್ದೆ. ತೊಂದರೆ ಆದದ್ದು ಪುಟಗಳ ನಂಬರಿನಿಂದ.

"ಅಕ್ಕ, ಇದರಲ್ಲಿ 113 ಎರಡು ಉಂಟಲ್ಲ? 97 ಕೂಡ ಎರಡು. ಎರಡು ಪುಸ್ತಕ ಸೇರಿಸಿದ್ದಾ?"

ಹಳೆಯ ಒಡಂಬಡಿಕೆ ಮುಗಿದು ಹೊಸ ಒಡಂಬಡಿಕೆ ಶುರುವಾಗುವಲ್ಲಿ ಪುಟದ ನಂಬರು ಮತ್ತೆ ಒಂದರಿಂದ ಬರುತ್ತದೆ. ಬಿಡಿ ಹಾಳೆಗಳು ಬೆರೆತು ಹೋಗಿದ್ದವು. ಯಾವ 113 ಯಾವುದರದ್ದು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? "ನೀವೇ ಕೂತು ಜೋಡಿಸಿ ಕೊಡಿ" ಅಂತ ಒಂದು ಸ್ಟೂಲ್ ಎಳೆದು ಕೊಟ್ಟರು. ಹೊರಗೆ ಜೋರು ಮಳೆ. ಕೂತೆ.

"ಎಷ್ಟು ಪುಸ್ತಕ ಒಟ್ಟು?"

"ಅರುವತ್ತಾರು. ಹಳೆಯದರಲ್ಲಿ 39, ಹೊಸದರಲ್ಲಿ 27."

"ಹಾಗಾದ್ರೆ 650 ನನಗೆ ಲಾಸ್ ಅಲ್ವಾ?" ಅಂತ ನಕ್ಕರು. ಆಮೇಲೆ ಸುಮ್ನೆ ಕೇಳಿದ ಹಾಗೆ, "ಇದು ನಿಮ್ಮದಾ?"

"ಅಜ್ಜಿಯದ್ದು" ಅಂದೆ.

ಸುಳ್ಳೇನಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ ಅಂತ ನನಗೆ ಗೊತ್ತಿತ್ತು.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥ ಆಗುವುದಿಲ್ಲ. ನಾವು ಬಾಸೆಲ್ ಮಿಷನ್ ಕಾಲದ ಕ್ರೈಸ್ತರು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಪ್ರೊಟೆಸ್ಟೆಂಟ್ ಮಿಷನ್ ಅದು. ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ನನ್ನ ಹೆಸರು ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಊರಿನ ಯಾವ ಹುಡುಗಿಗೂ ಇರಬಹುದಾದ ಹೆಸರು. ಮಾತು ಕೇಳಿದರೂ ಗೊತ್ತಾಗುವುದಿಲ್ಲ. ಹಣೆ ನೋಡಿದರೆ ಮಾತ್ರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು "ಬೊಟ್ಟು ಇಡ್ಲಿಲ್ವಾ?" ಅಂತ ಕೇಳಿದ್ದರು. "ಚರ್ಮಕ್ಕೆ ಆಗುದಿಲ್ಲ, ಅಲರ್ಜಿ" ಅಂದುಬಿಟ್ಟೆ. ಆ ಅಲರ್ಜಿ 22 ವರ್ಷದಿಂದ ವಾಸಿ ಆಗಿಲ್ಲ. ಕಳೆದ ವರ್ಷ ಒಬ್ಬರು ಪಾಪ, ಒಳ್ಳೆಯ ಚರ್ಮದ ಡಾಕ್ಟರ ವಿಳಾಸ ಬರೆದು ಕೊಟ್ಟರು.

ಸೋಮವಾರ ಯಾರಾದರೂ "ನಿನ್ನೆ ಎಲ್ಲಿಗೆ?" ಅಂದರೆ "ಒಂದು ಕಾರ್ಯಕ್ರಮ ಇತ್ತು" ಅನ್ನುವುದು. ಪ್ರತಿ ಭಾನುವಾರವೂ ಕಾರ್ಯಕ್ರಮ!

ಸತ್ಯವೇದವನ್ನು ಬಸ್ಸಿನಲ್ಲಿ ಒಯ್ಯುವಾಗ ಪೇಪರ್ ಸುತ್ತುತ್ತೇನೆ. ಮಳೆಗೆ ಒದ್ದೆ ಆಗಬಾರದು ಅಂತ. ಮಾರ್ಚ್, ಏಪ್ರಿಲ್‌ನಲ್ಲೂ ಸುತ್ತುತ್ತೇನೆ. ಅದು ಅಮ್ಮ ಕಲಿಸಿದ್ದು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಕೆಲವು ಚರ್ಚುಗಳ, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ಆಯಿತಲ್ಲ, ಆ ವಾರದಿಂದ. ನಮಗೆ ಯಾರೂ ಏನೂ ಮಾಡಲಿಲ್ಲ. ಆ ಸಂಜೆ ಪಕ್ಕದ ಮನೆಯ ಅಕ್ಕ ತಾನೇ ಬಂದು ರಾತ್ರಿ ಹತ್ತರ ತನಕ ನಮ್ಮ ಜಗಲಿಯಲ್ಲಿ ಕೂತಿದ್ದರು, ಬೀಡಿ ಕಟ್ಟುತ್ತಾ. ಅವರು ದೀಪ ಹಚ್ಚುವ ಮನೆಯವರು. ಹೆದರಿಕೆ ಹೋಯಿತು, ಪೇಪರ್ ಮಾತ್ರ ಉಳಿಯಿತು.

ಪೇಪರ್ ಅಂದಾಗ ನೆನಪಾಗುವುದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಹೊರಟದ್ದು ನಮ್ಮ ಊರಿನಿಂದಲೇ, 1843ರ ಜುಲೈ 1ಕ್ಕೆ. ಕಲ್ಲಚ್ಚಿನಲ್ಲಿ. ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಪತ್ರಿಕೆ ಮಾಡಿ ಊರಿನ ಕೈಗೆ ಕೊಟ್ಟವರ ಸಭೆಯವಳು ನಾನು, ಅದೇ ಪತ್ರಿಕೆಯಲ್ಲಿ ಸತ್ಯವೇದ ಮುಚ್ಚಿಕೊಂಡು ಹೋಗುವುದು.

ಈಗ ಸ್ಟೂಲಿಗೆ ವಾಪಸ್.

ಅಂಗಡಿಯಲ್ಲಿ ಇನ್ನೂ ಇಬ್ಬರಿದ್ದರು. ಒಬ್ಬಳು ಕಾಲೇಜು ಹುಡುಗಿ, ಪ್ರಾಜೆಕ್ಟ್ ಬೈಂಡಿಂಗಿಗೆ ಬಂದವಳು. ಇನ್ನೊಬ್ಬರು ರಿಟೈರ್ಡ್ ಮಾಸ್ಟ್ರು. ತಾಳಮದ್ದಳೆಯಲ್ಲಿ, ಅಂದರೆ ವೇಷ ಹಾಕದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುವ ಹವ್ಯಾಸ. ಹಳೆಯ ಪ್ರಸಂಗ ಪುಸ್ತಕಗಳ ಒಂದು ಕಟ್ಟು ಹೊಲಿಸಲು ತಂದಿದ್ದರು. ಮಳೆ ನಿಲ್ಲುವ ಹಾಗೆ ಕಾಣಲಿಲ್ಲ, ಮೂವರೂ ಅಲ್ಲೇ.

ಜೋಡಿಸುತ್ತಾ ಜೋಡಿಸುತ್ತಾ ಗೊತ್ತಾಯಿತು, ಒಂದು ಹಾಳೆ ಇಲ್ಲ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಲೂಕನ ಸುವಾರ್ತೆಯಲ್ಲಿ, 22ನೇ ಅಧ್ಯಾಯದ ಕೊನೆ ಭಾಗ. ಎಲ್ಲ ಫಾರಂ ತಿರುವಿ ನೋಡಿದೆವು. ಇಲ್ಲ.

"ಪರವಾಗಿಲ್ಲ ಬಿಡಿ ಅಣ್ಣ. ಇದೇ ಕಥೆ ಇನ್ನೂ ಮೂರು ಕಡೆ ಉಂಟು. ಮತ್ತಾಯ, ಮಾರ್ಕ, ಯೋಹಾನ" ಅಂದೆ.

"ಎಂತ ಕಥೆ?" ಅಂದರು ಮಾಸ್ಟ್ರು.

ನನಗೆ ಬಾಯಿ ಒಣಗಿತು. ನಿಜವಾಗಿ. ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಎಷ್ಟು ಸಲ ಹೇಳಿದ ಕಥೆ! ಆದರೆ ನಮ್ಮವರಲ್ಲದವರ ಎದುರು ಒಂದು ಸಲವೂ ಹೇಳಿದವಳಲ್ಲ. ನಮ್ಮ ಸಭೆಯಲ್ಲಿ ಒಬ್ಬ ಅಂಕಲ್ ಇದ್ದರು, ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೋಗುವವರಿಗೆಲ್ಲ ಸುವಾರ್ತೆಯ ಕರಪತ್ರ ಕೊಡುತ್ತಿದ್ದವರು. ಅವರನ್ನು ದೂರದಿಂದ ಕಂಡರೆ ನಾನು ರಸ್ತೆ ದಾಟುತ್ತಿದ್ದೆ. ಅವರ ಧೈರ್ಯ ದೊಡ್ಡದೇ. ಆದರೆ ಮುಖವನ್ನೇ ನೋಡದೆ ಕೈಗೆ ಕಾಗದ ತುರುಕಿದರೆ ಯಾರು ಓದುತ್ತಾರೆ? ನನ್ನ ಈ ತಕರಾರು ನ್ಯಾಯವಾದದ್ದು ಅಂತ ಈಗಲೂ ಅನಿಸುತ್ತದೆ. ಹಾಗಂತ ನಾನು ಮುಖ ನೋಡಿ ಒಂದು ಮಾತಾದರೂ ಹೇಳಿದ್ದೇನಾ? ಅದೂ ಇಲ್ಲ. ಸಂವಿಧಾನದ 25ನೇ ವಿಧಿಯಲ್ಲಿ ನಂಬಲಿಕ್ಕೆ, ಆಚರಿಸಲಿಕ್ಕೆ, ಪ್ರಚಾರ ಮಾಡಲಿಕ್ಕೆ ಹಕ್ಕು ಕೊಟ್ಟಿದ್ದಾರೆ. ಅದು ಕಾಗದದಲ್ಲಿ ಉಂಟು. ನಾಲಿಗೆಗೆ ಬರಬೇಕಲ್ಲ!

ಹೇಗೋ ಶುರು ಮಾಡಿದೆ. ಯೇಸುವನ್ನು ರಾತ್ರಿ ಹಿಡಿದುಕೊಂಡು ಮಹಾಯಾಜಕನ ಮನೆಗೆ ಒಯ್ಯುತ್ತಾರೆ. ಶಿಷ್ಯ ಪೇತ್ರ ದೂರದಿಂದ ಹಿಂದೆ ಬರುತ್ತಾನೆ. ಚಳಿ. ಅಂಗಳದಲ್ಲಿ ಬೆಂಕಿ ಹಾಕಿದ್ದಾರೆ, ಇವನೂ ಹೋಗಿ ಕೂರುತ್ತಾನೆ. ಬೆಂಕಿಯ ಬೆಳಕಿನಲ್ಲಿ ಒಬ್ಬ ಕೆಲಸದ ಹುಡುಗಿ ಇವನ ಮುಖ ನೋಡಿ, ಇವನೂ ಅವನ ಜೊತೆ ಇದ್ದವನೇ ಅನ್ನುತ್ತಾಳೆ. ಇವನು ನನಗೆ ಅವನ ಗುರುತೇ ಇಲ್ಲ ಅನ್ನುತ್ತಾನೆ. ಹೀಗೆ ಮೂರು ಸಲ. ಕೋಳಿ ಕೂಗುತ್ತದೆ. ಕೋಳಿ ಕೂಗುವ ಮೊದಲು ನೀನು ಮೂರು ಸಲ ಹೀಗೆ ಹೇಳುತ್ತೀ ಅಂತ ಯೇಸು ಮೊದಲೇ ಹೇಳಿರುತ್ತಾನೆ.

"ಅವನ ಮಾತಿನಿಂದಲೇ ಗುರುತು ಸಿಕ್ಕಿತು ಅಂತಲೂ ಉಂಟು" ಅಂದೆ. "ಗಲಿಲಾಯದವನು. ಅಲ್ಲಿಯ ರಾಗ ಬೇರೆ."

"ಹಾಂ, ನಾವು ಬೆಂಗಳೂರಿಗೆ ಹೋದ್ರೆ ಆಗುದಿಲ್ವಾ?" ಅಂದಳು ಕಾಲೇಜು ಹುಡುಗಿ. "ಬಾಯಿ ತೆಗೆದ ಕೂಡ್ಲೇ, ಮಂಗಳೂರಾ ಅಂತಾರೆ."

ಎಲ್ಲರೂ ನಕ್ಕೆವು. ಆ ನಗುವಿನಲ್ಲಿ ನನ್ನ ಗಂಟಲು ಸರಿಯಾಯಿತು.

ಬೈಂಡಿಂಗ್ ಅಣ್ಣ ನೂಲಿಗೆ ಮೇಣ ತಿಕ್ಕುತ್ತಾ ಕೇಳುತ್ತಿದ್ದರು. "ಇವನು ಮತ್ತೆ ದೊಡ್ಡ ಜನ ಆದವನಾ?"

"ಹೌದು. ಸಭೆಯ ಮುಖ್ಯಸ್ಥನೇ ಆದ."

"ಅವನು ಹೆದರಿ ಸುಳ್ಳು ಹೇಳಿದ್ದನ್ನು ನಾಲ್ಕು ಕಡೆ ಬರೆದಿಟ್ಟಿದ್ದಾರೆ?"

"ನಾಲ್ಕೂ ಕಡೆ."

"ನನ್ನ ಅಂಗಡಿಯ ತಪ್ಪನ್ನು ನಾನು ಒಂದು ಕಡೆಯೂ ಬರೆಯುದಿಲ್ಲ ಮಾರಾಯ್ರೆ."

ಮಾಸ್ಟ್ರ ತಲೆ ಬೇರೆ ಕಡೆ ಓಡುತ್ತಿತ್ತು. ಅವರಿಗೆ ಪೇತ್ರನಿಗಿಂತ ಆ ಹುಡುಗಿ ಹಿಡಿಸಿದಳು. "ನಮ್ಮಲ್ಲಾದ್ರೆ ಆ ದಾಸಿಯ ಅರ್ಥವನ್ನು ಹೊಸಬರಿಗೆ ಕೊಡುದು. ಎರಡೇ ಮಾತು ಅಲ್ವಾ? ಆದ್ರೆ ನೋಡಿ, ಪ್ರಸಂಗ ನಿಂತದ್ದೇ ಅವಳ ಮೇಲೆ. ದೊಡ್ಡವರು ಯಾರೂ ಅವನನ್ನು ಕೇಳ್ಲಿಲ್ಲ. ಕೇಳಿದ್ದು ಕೆಲಸದವಳು. ಕತ್ತಿ ಹಿಡಿದವ ಕೇಳಿದ್ರೆ ಬಹುಶಃ ಹೌದು ಅಂತಿದ್ದ." ಸ್ವಲ್ಪ ತಡೆದು, "ಅದೇ ಕಷ್ಟ. ಸಣ್ಣ ಪ್ರಶ್ನೆಗೆ ನಾವು ತಯಾರಿರುದಿಲ್ಲ" ಅಂದರು.

ಬೊಟ್ಟು ಇಡ್ಲಿಲ್ವಾ ಅಂತ ಕೇಳಿದವರೂ ಕತ್ತಿ ಹಿಡಿದಿರಲಿಲ್ಲ. ಟೀ ಲೋಟ ಹಿಡಿದಿದ್ದರು.

ನಾನು ಮಾತು ಮುಗಿಸಿರಲಿಲ್ಲ. ಕೋಳಿ ಕೂಗಿದ ಹೊತ್ತಿಗೆ ಯೇಸು ತಿರುಗಿ ಪೇತ್ರನನ್ನು ನೋಡಿದ, ಆ ನೋಟಕ್ಕೆ ಪೇತ್ರ ಹೊರಗೆ ಹೋಗಿ ಅತ್ತ ಅಂದೆ. ಹೇಳುವಾಗಲೇ ಹೊಳೆಯಿತು. ತಿರುಗಿ ನೋಡಿದ ಮಾತು ಇರುವುದು ಲೂಕನಲ್ಲಿ ಮಾತ್ರ. ಉಳಿದ ಮೂವರೂ ಕೋಳಿಯನ್ನು ಹೇಳುತ್ತಾರೆ, ನೋಟವನ್ನು ಹೇಳುವುದಿಲ್ಲ. ಅಂದರೆ ಹೋದ ಹಾಳೆ ಬೇರೆ ಮೂರು ಕಡೆ ಸಿಗುವ ಹಾಳೆ ಅಲ್ಲ.

"ಅಣ್ಣ, ಆ ಜಾಗದಲ್ಲಿ ಒಂದು ಖಾಲಿ ಹಾಳೆ ಹಾಕಿ ಹೊಲಿತೀರಾ? ನಾನು ಕೈಯಲ್ಲಿ ಬರೀತೇನೆ."

"ಹಾಕುವ" ಅಂದರು. ಅದಕ್ಕೆ ಎಕ್ಸ್‌ಟ್ರಾ ದುಡ್ಡು ತಗೊಳ್ಳಲಿಲ್ಲ. ಇದಕ್ಕೆ ಒಂದು ಸ್ಟಾರ್ ಜಾಸ್ತಿ ಕೊಡಬೇಕು.

"ಆಮೇಲೆ ಎಂತಾಯ್ತು ಅವನಿಗೆ?" ಅಂತ ಹುಡುಗಿ ಕೇಳಿದಳು. ಐವತ್ತು ದಿನ ಕಳೆದು ಪಂಚಾಶತ್ತಮ ಹಬ್ಬದ ದಿನ, ಅದೇ ಯೆರೂಸಲೇಮಿನಲ್ಲಿ, ಅದೇ ಪೇತ್ರ ಸಾವಿರಾರು ಜನರ ಎದುರು ಎದ್ದು ನಿಂತು ಯೇಸುವಿನ ಹೆಸರು ಹೇಳಿದ ಅಂದೆ. ಅಪೊಸ್ತಲರ ಕೃತ್ಯಗಳಲ್ಲಿ ಉಂಟು. ಅವನು ಓದಿದವನಲ್ಲ, ಮೀನು ಹಿಡಿಯುವವ ಅಂದೆ. "ಓ, ನಮ್ಮ ಬಂದರಿನವ!" ಅಂದರು ಅಣ್ಣ.

ಯಾರೂ ಮತಾಂತರ ಆಗಲಿಲ್ಲ, ನಾನೂ ಕೇಳಲಿಲ್ಲ. ಮಾಸ್ಟ್ರು ಹೋಗುವಾಗ, "ಒಳ್ಳೆ ಪ್ರಸಂಗ. ಆದ್ರೆ ನೀವು ಬೆಂಕಿಯನ್ನು ಬೇಗ ಬಿಟ್ರಿ. ಬೆಂಕಿಯ ಹತ್ರ ಇನ್ನೂ ನಿಲ್ಲಬೇಕಿತ್ತು" ಅಂತ ತಪ್ಪು ಹಿಡಿದು ಹೋದರು. ಅರ್ಥಧಾರಿಗಳಿಂದ ಬೇರೆ ಎಂತ ನಿರೀಕ್ಷೆ ಮಾಡುವುದು?

ಇಷ್ಟು ಆದ ಮೇಲೆ ಅಣ್ಣ ಕೇಳಿದ್ದು, "ಹೊರಗೆ ಹೆಸರು ಬೇಕಾ, ಬೇಡ್ವಾ? ಬೆನ್ನಿಗೆ ಗೋಲ್ಡ್ ಅಕ್ಷರ. 80 ರೂಪಾಯಿ."

"ಬೇಡ. ಪ್ಲೇನ್ ಇರ್ಲಿ" ಅಂದೆ.

ನೋಡಿ, ಇಷ್ಟೆಲ್ಲ ಕಥೆ ಹೇಳಿದ ಬಾಯಿಯೇ. ಕೋಳಿ ಏನೂ ಕೂಗಲಿಲ್ಲ. ಕೆಳಗೆ ಗೂಡ್ಸ್ ಟೆಂಪೋದವನು ರಿವರ್ಸ್ ಹಾರ್ನ್ ಹೊಡೆಯುತ್ತಿದ್ದ. ಮೆಟ್ಟಿಲಿಳಿದೆ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಅಜ್ಜಿಯ ಅಪ್ಪನ ನೆನಪು ಬಂತು. ನೋಡಿದವಳಲ್ಲ, ಕೇಳಿದ್ದು. ಜೆಪ್ಪಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಕಾರ್ಖಾನೆ ಯಾಕೆ ಬಂತು ಅನ್ನುವುದನ್ನು ನಾವು ಹೆಮ್ಮೆಯಿಂದ ಹೇಳುವಾಗ ಅರ್ಧ ಬಿಟ್ಟುಬಿಡುತ್ತೇವೆ. ದೀಕ್ಷಾಸ್ನಾನ ತಗೊಂಡವರಿಗೆ ಗೇಣಿಯ ಗದ್ದೆ ಹೋಗುತ್ತಿತ್ತು. ಕುಲಕಸುಬು ಹೋಗುತ್ತಿತ್ತು. ಮನೆಯಿಂದ ಹೊರಗೆ. ಹೊಟ್ಟೆಗೆ ಬೇಕಲ್ಲ? ಅದಕ್ಕೆ ನೇಯ್ಗೆ, ಹಂಚು, ಅಚ್ಚು, ಪುಸ್ತಕ ಕಟ್ಟುವ ಕೆಲಸ ಎಲ್ಲ ಶುರುವಾದದ್ದು. ಅವರಿಗೆ ಮುಚ್ಚಿಡಲಿಕ್ಕೆ ಪೇಪರೂ ಇರಲಿಲ್ಲ, ಅಲರ್ಜಿಯೂ ಇರಲಿಲ್ಲ.

ಆನಂದರಾವ್ ಕೌಂಡಿನ್ಯ ಅಂತ ಒಬ್ಬ ಹುಡುಗ ಇದ್ದ, ಸಾರಸ್ವತ ಬ್ರಾಹ್ಮಣರ ಮನೆಯವ. ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ. 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತನಾದ. ಆಮೇಲೆ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ವಾಪಸ್ ಬಂದ. ಚರ್ಚಿನ ಭಾಷಣಗಳಲ್ಲಿ ಅವನ ಧೈರ್ಯ ಹೇಳುತ್ತಾರೆ. ನನಗೆ ಅವನ ಮನೆಯವರ ನೆನಪೂ ಬರುತ್ತದೆ. ಮನೆಯ ಹುಡುಗ ಹೊರಗೆ ಹೋದ ರಾತ್ರಿ ಆ ಮನೆಯಲ್ಲಿ ಅನ್ನ ಬೇಯಿಸಿದರೋ ಇಲ್ಲವೋ. ಒಬ್ಬನ ಧೈರ್ಯದ ಬಿಲ್ಲನ್ನು ಬೇರೆಯವರೂ ಕಟ್ಟುತ್ತಾರೆ. ಇದನ್ನು ಹೇಳದೆ ಧೈರ್ಯ ಮಾತ್ರ ಹೇಳಿದರೆ ಲೆಕ್ಕ ಟ್ಯಾಲಿ ಆಗುವುದಿಲ್ಲ.

ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಮೆಟ್ಟಿಲು ಹತ್ತಿ, "ಅಣ್ಣ, ಹೆಸರು ಹಾಕಿ" ಅಂದೆ. ಅವರು ತಲೆ ಎತ್ತಲಿಲ್ಲ. "ಹಾಕುವ. ಎಂಬತ್ತು."

ಇನ್ನು ಡೆಲಿವರಿ. ಹನ್ನೆರಡು ದಿನ ಅಂದದ್ದು ಹತ್ತೊಂಬತ್ತು ದಿನ ಆಯಿತು. ಮೂರು ಸಲ ಹೋಗಿ ವಾಪಸ್ ಬಂದೆ. ಫೋನ್ ಎತ್ತುವುದಿಲ್ಲ. ಮಳೆಗಾಲದಲ್ಲಿ ಅಂಟು ಒಣಗುವುದಿಲ್ಲ ಅನ್ನುವುದು ಅವರ ಸಬೂಬು. ಅದು ನಿಜವೂ ಇರಬಹುದು. ಹಾಗಿದ್ದರೆ ಹನ್ನೆರಡು ಅಂತ ಯಾಕೆ ಹೇಳಬೇಕಿತ್ತು?

ಎರಡನೆಯ ದೂರು ಸ್ವಲ್ಪ ದೊಡ್ಡದು. ಅಂಚು ಕತ್ತರಿಸಬೇಡಿ ಅಂತ ಹೇಳಿದ್ದೆ. ಅಜ್ಜಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದರು, ಕನ್ನಡ ಅಕ್ಷರದಲ್ಲಿ ತುಳು ಮಾತು. ತುಳುವನ್ನು ಕನ್ನಡ ಅಕ್ಷರದಲ್ಲಿ ಅಚ್ಚು ಮಾಡಿ ಹೊಸ ಒಡಂಬಡಿಕೆ ತಂದದ್ದೂ ಇದೇ ಮಿಷನ್‌ನವರು. ಅಜ್ಜಿ ಓದುವುದು ಕನ್ನಡ, ದೇವರ ಹತ್ತಿರ ಮಾತಾಡುವುದು ತುಳು. ಯೆಹೋಶುವನ ಮೊದಲ ಅಧ್ಯಾಯದ ಪಕ್ಕದಲ್ಲಿ 'ಪೋಡಿಯಡ' ಅಂತ ಬರೆದಿದ್ದರು. ಹೆದರಬೇಡ ಅಂತ. ಪುಸ್ತಕ ಕೈಗೆ ಬಂದಾಗ ಮೊದಲು ತೆಗೆದು ನೋಡಿದ್ದೇ ಆ ಪುಟ. 'ಪೋ' ಇಲ್ಲ. 'ಡಿಯಡ' ಉಳಿದಿತ್ತು.

ಅಣ್ಣನಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿದರು, ಹಣೆ ಹಣೆ ಬಡಿದುಕೊಂಡರು. "ಒಂದು ನೂಲಿನಷ್ಟು ಸಮ ಮಾಡಿದ್ದು ಅಕ್ಕ. ಅಕ್ಷರ ಕಾಣ್ಲೇ ಇಲ್ಲ." 50 ರೂಪಾಯಿ ಕಡಿಮೆ ಮಾಡಿದರು. ಕತ್ತರಿಸಿದ ಚೂರುಗಳ ಗೋಣಿಯನ್ನು ಕವುಚಿ ಹುಡುಕಲಿಕ್ಕೂ ಕೂತರು, ನಾನೇ ಬೇಡ ಅಂದೆ. ಸಿಟ್ಟು ಬಂದದ್ದು ಹೌದು. ಈಗಲೂ ಆ ಪುಟ ತೆರೆದರೆ ಸ್ವಲ್ಪ ಬರುತ್ತದೆ.

ಹೊಲಿಗೆಗೆ ಮಾತ್ರ ಮಾತಿಲ್ಲ. ಯಾವ ಪುಟ ತೆರೆದಿಟ್ಟರೂ ಮೇಜಿನ ಮೇಲೆ ಹಾಸಿಕೊಂಡು ಕೂರುತ್ತದೆ, ಕೈಯಲ್ಲಿ ಅದುಮಿ ಹಿಡಿಯಬೇಕಾಗಿಲ್ಲ. ಆದಿಕಾಂಡದ ಮೊದಲ ಪುಟ, ಪ್ರಕಟಣೆಯ ಕೊನೆ ಪುಟ, ಎರಡೂ ಕಡೆ ನೋಡಿದ್ದೇನೆ. ನಾನು ಹೊಗಳಿದ್ದಕ್ಕೆ ಅವರು, "ಕಿಟೆಲ್ ಕಟ್ಟಿದ್ದೇನೆ ಅಕ್ಕ, ಇದು ಎಂತದು" ಅಂದರು. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟಿನ ಹಳೆಯ ಪ್ರತಿ. 1894ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾದದ್ದು, 1,700ಕ್ಕೂ ಹೆಚ್ಚು ಪುಟ. ಅದನ್ನು ಯಾರೋ ಕಾರಿನಲ್ಲಿ ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ತಂದಿದ್ದರಂತೆ.

ಗೋಲ್ಡ್ ಅಕ್ಷರದ ಕೆಲಸ ನನ್ನ ಎದುರೇ ಮಾಡಿದರು. ಅಚ್ಚುಮೊಳೆಗಳನ್ನು ಒಂದೊಂದೇ ಹೆಕ್ಕಿ ಹಿಡಿಕೆಗೆ ಜೋಡಿಸಿ, ಒಲೆಯ ಮೇಲೆ ಬಿಸಿ ಮಾಡಿ, ಚಿನ್ನದ ಬಣ್ಣದ ಹಾಳೆಯ ಮೇಲಿಂದ ಒತ್ತುವುದು. ಉಸಿರು ಹಿಡಿದು ಒಂದೇ ಒತ್ತು. ಎರಡನೆಯ ಸಲ ಒತ್ತಿದರೆ ಅಕ್ಷರ ಜೋಡಿ ಜೋಡಿ ಕಾಣುತ್ತದೆ. ಹಾಳೆ ತೆಗೆದಾಗ ಕಪ್ಪು ರೆಕ್ಸಿನ್ ಮೇಲೆ 'ಸತ್ಯವೇದ' ಮಿನುಗಿತು. ಆದರೆ 'ತ'ದ ಕೆಳಗಿನ ಯ ಒತ್ತು ಮಾತ್ರ ಸರಿ ಮೂಡಲಿಲ್ಲ. ಮೊಳೆ ಸವೆದಿದೆ. ಹತ್ತಿರದಿಂದ ನೋಡಿದರೆ ಉಂಟು. ನಾಲ್ಕು ಅಡಿ ದೂರದಿಂದ 'ಸತವೇದ'.

ಆ ಭಾನುವಾರ ಪೇಪರ್ ಸುತ್ತದೆ ಬಸ್ಸು ಹತ್ತಿದೆ. ದೊಡ್ಡ ಸಂಗತಿ ಏನೂ ನಡೆಯಲಿಲ್ಲ. ಯಾರೂ ನೋಡಲೇ ಇಲ್ಲ ಅಂತ ಹೇಳಬಹುದು. ಎಲ್ಲರೂ ಮೊಬೈಲ್ ನೋಡುತ್ತಿದ್ದರು. ಇಷ್ಟು ವರ್ಷ ಯಾರ ಕಣ್ಣಿಗೆ ನಾನು ಹೆದರಿದ್ದು ಅಂತ ಸ್ವಲ್ಪ ಬೇಜಾರೂ ಆಯಿತು. ಜ್ಯೋತಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಪಕ್ಕ ಕೂತು, ಬೆನ್ನಿನ ಅಕ್ಷರ ಕೂಡಿಸಿ ಓದಿ, "ಸತವೇದ ಅಂದ್ರೆ ಎಂತ ಮಗಾ?" ಅಂತ ಕೇಳಿದರು. ಬಲ್ಮಠದ ಸ್ಟಾಪು ಬರುವಷ್ಟರಲ್ಲಿ ಯ ಒತ್ತಿನ ಕಥೆ ಹೇಳಿ ಮುಗಿಸಲಿಕ್ಕೆ ಮಾತ್ರ ಸಮಯ ಸಿಕ್ಕಿತು. ಇಳಿಯುವಾಗ "ಚರ್ಚಿಗಾ?" ಅಂದರು. "ಹೌದಜ್ಜಿ, ಚರ್ಚಿಗೆ" ಅಂದೆ. ಕಂಡಕ್ಟರ್ ಶಿಳ್ಳೆ ಊದಿದ.

ಆಫೀಸಿನಲ್ಲಿ ಅಲರ್ಜಿಯ ವಿಷಯ ಇನ್ನೂ ಹೇಳಿಲ್ಲ. ಆ ಡಾಕ್ಟರ ವಿಳಾಸ ಕೊಟ್ಟವರಿಗಾದರೂ ಹೇಳಬೇಕು. ನೋಡುವ.

ಖಾಲಿ ಹಾಳೆ ಬರೆಯುತ್ತಾ ಇದ್ದೇನೆ. ದಿನಕ್ಕೆ ಎರಡು ಮೂರು ವಚನ. ಜೆಲ್ ಪೆನ್ ಬೇಡ ಅಂದಿದ್ದರು ಅಣ್ಣ, ಹಿಂದಕ್ಕೆ ಮೂಡುತ್ತದೆ ಅಂತ. ಬಾಲ್ ಪೆನ್ನಿನಲ್ಲಿ ಮೆಲ್ಲಗೆ ಬರೆಯುತ್ತೇನೆ. ಮಾಸ್ಟ್ರ ಮಾತಿನ ಹಾಗೆ ಈಗ ಬೆಂಕಿಯ ಹತ್ತಿರವೇ ಇದ್ದೇನೆ, ಕೋಳಿ ಇನ್ನೂ ಕೂಗಿಲ್ಲ.

ಹೋಗುವವರಿಗೆ ಕೆಲವು ಮಾತು. ಬೆಳಿಗ್ಗೆ ಹತ್ತರ ನಂತರ ಹೋಗಿ, ಒಂದೂವರೆಯಿಂದ ಮೂರರ ತನಕ ಅವರು ಮಲಗುತ್ತಾರೆ. ಚಿಲ್ಲರೆ ತಗೊಂಡು ಹೋಗಿ. ಪುಸ್ತಕ ಕೊಡುವ ಮೊದಲು ಅಂಚಿನಲ್ಲಿ ಏನಾದರೂ ಬರೆದಿದ್ದರೆ ಆ ಪುಟಗಳಿಗೆ ಚೀಟಿ ಇಟ್ಟು ತೋರಿಸಿ, ಬಾಯಿಮಾತು ಸಾಲುವುದಿಲ್ಲ. ಹೇಳಿದ ದಿನಕ್ಕೆ ಒಂದು ವಾರ ಸೇರಿಸಿಕೊಳ್ಳಿ. ಮತ್ತೆ ಪುಸ್ತಕದ ಹೆಸರಿನಲ್ಲಿ ಯ ಒತ್ತು ಇದ್ದರೆ ಮೊದಲೇ ಹೇಳಿಬಿಡಿ. ಹೊಸ ಮೊಳೆ ತರಿಸುತ್ತೇನೆ ಅಂತ ಅವರು ಹೇಳಿ ಎರಡು ತಿಂಗಳಾಯಿತು.